ಬುಡನಸಾಬನ ಮರಿ

ಬುಟ್ಟಿಯೊಳಗಿನ ಮರಿ ಮತ್ತೆ ಸೀನಿತು. ಹಾಲೇಶಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಬುಟ್ಟಿಯ ಬಾಯಿಗೆ ಮುಚ್ಚಿದ. ಬ್ಯಾಡಗಿಯ ಪೇಟೆಯಲ್ಲಿ ಅಂಗಡಿಗಳ ಮುಂದೆಲ್ಲ ಮೆಣಸಿನಕಾಯಿಯ ರಾಶಿ ಬಿದ್ದಿತ್ತು. ಗಾಳಿ ಬೀಸಿದಾಗಲೆಲ್ಲ ಕಣ್ಣಿಗೆ ಕಾಣದ ಘಾಟು ಬಂದು ಗಂಟಲಿಗೆ ತಗಲುತ್ತಿತ್ತು. ಇಂಥಲ್ಲಿಗೆ ನಾಯಿಮರಿ ತಂದ ತನ್ನನ್ನು ತಾನೇ ಬೈದುಕೊಳ್ಳುತ್ತ ಅವನು ತೂಕದ ಕಟ್ಟೆಯ ನೆರಳಿನಲ್ಲಿ ಕೂತಿದ್ದ ಹಮಾಲರ ಬಳಿ ಹೋದ.

"ಬುಡನಸಾಬ ಅಂತ ಹಮಾಲ್ರು ಒಬ್ರು ಅದಾರಲ್ರಿ, ಎಲ್ಲಿ ಸಿಗತಾರ?"

ಬೀಡಿ ಸೇದುತ್ತಿದ್ದ ದುರಗಪ್ಪ ಎಂಬವನು ತಲೆಯೆತ್ತಿ ನೋಡಿದ. ಮುದುಕನ ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಬಿದಿರಿನ ಬುಟ್ಟಿ. "ಯಾ ಊರಿಂದ ಬಂದ್ರಿ?"

"ರಾಣೆಬೆನ್ನೂರಿಂದ. ಅಮಾಸಿಗೆ ಬಂದು ಮರಿ ಒಯ್ಯತೇನಿ ಅಂತ ಹೇಳಿ ಹೋದಾವ ಈ ಕಡೆ ಮಾರಿನ ಹಾಕಲಿಲ್ಲ. ಮಾತ ಕೊಟ್ಟು ಹಿಂಗ ಮಾಡೂದೇನ್ರಿ? ಮರಿ ಬೆಳದು ಬುಟ್ಟಿ ತುಂಬಾಕತ್ತೈತಿ. ಸಿಕ್ರ ನಾಕ ಮಾತ ಅಂದು, ಇದನ್ನ ಹಾವೇರಿಗೆ ಒಯ್ದು ಬ್ಯಾರೇದವರಿಗೆ ಕೊಟ್ಟಬಿಡತೇನಿ."

ಹಮಾಲರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದುರಗಪ್ಪ ಬೀಡಿಯನ್ನು ಕಲ್ಲಿಗೆ ಒರೆಸಿ ಆರಿಸಿದ. ಎದ್ದು ನಿಂತ.

"ಬುಡಣ್ಣ ತೀರಿಕೊಂಡ್ರಿ ಯಜಮಾನ್ರ."

"ಯಾವಾಗ?"

"ಅಮಾಸಿಗಿಂತ ಮೊದಲ."

ಹಾಲೇಶಪ್ಪ ಬುಟ್ಟಿಯನ್ನು ಕೆಳಗಿಟ್ಟ. ಅಮಾವಾಸ್ಯೆಗಿಂತ ಮೊದಲು. ಹಾಗಾದರೆ ಆ ಮನುಷ್ಯ ಮಾತು ತಪ್ಪಿರಲಿಲ್ಲ. ಇಷ್ಟು ದಿನ ಮನೆಯ ಕಟ್ಟೆಯ ಮೇಲೆ ಕೂತು ತಾನು ಬೈದದ್ದು ಸತ್ತವನನ್ನು. "ಶಿವನೇ" ಎಂದು ಅವನು ತೂಕದ ಕಟ್ಟೆಯ ಮೇಲೆಯೇ ಕುಳಿತುಬಿಟ್ಟ. ಒಬ್ಬ ಹಮಾಲ ತಂಬಿಗೆಯಲ್ಲಿ ನೀರು ತಂದುಕೊಟ್ಟ. ಅದನ್ನು ಕುಡಿಯಬೇಕೆಂಬುದೂ ಅವನಿಗೆ ಹೊಳೆಯಲಿಲ್ಲ.

ಹಾಲೇಶಪ್ಪನ ಮನೆಯಲ್ಲಿ ಬೇಟೆನಾಯಿ ಸಾಕುವುದು ಅಜ್ಜನ ಕಾಲದಿಂದ ಬಂದದ್ದು. ಉದ್ದ ಕಾಲು, ಸಣ್ಣ ನಡು, ಚೂಪು ಮೂತಿಯ ನಾಯಿಗಳು. ಹಿತ್ತಿಲಲ್ಲಿ ಒಂದೇ ಹೆಣ್ಣುನಾಯಿ. ಅದರ ಹೆಸರು ಕೆಂಚಿ. ಅದು ಮರಿ ಹಾಕಿತೆಂದು ತಿಳಿದರೆ ಸುತ್ತಲಿನ ಊರುಗಳಿಂದ ಜನ ಬರುತ್ತಿದ್ದರು. ಆದರೆ ಕೇಳಿದವರಿಗೆಲ್ಲ ಮರಿ ಸಿಗುತ್ತಿರಲಿಲ್ಲ. ಹಾಲೇಶಪ್ಪ ಮೊದಲು ತಾಯಿಯನ್ನು ತೋರಿಸುತ್ತಿದ್ದ. ತಾಯಿಯ ಗುಣ ನೋಡದೆ ಮರಿಯ ಬಣ್ಣ ನೋಡುವವರಿಗೆ ಅಲ್ಲಿಂದಲೇ ದಾರಿ ತೋರಿಸುತ್ತಿದ್ದ. ಮರಿ ಮೊಲೆ ಬಿಟ್ಟು ತಾನಾಗಿ ನುಚ್ಚು ತಿನ್ನುವವರೆಗೆ, ದನದ ದವಾಖಾನೆಯಲ್ಲಿ ಸೂಜಿ ಹಾಕಿಸುವವರೆಗೆ ಕೈಗೆ ಕೊಡುತ್ತಿರಲಿಲ್ಲ. ಮನೆಯಲ್ಲಿ ಯಾರಿರುತ್ತಾರೆ, ಅನ್ನ ಯಾರು ಇಡುತ್ತಾರೆ, ಕಟ್ಟಿಹಾಕುತ್ತೀರೋ ಬಿಡುತ್ತೀರೋ ಎಂದು ಕೇಳುತ್ತಿದ್ದ. ಕೊನೆಗೆ ತಾನೇ ಮರಿಯನ್ನು ಎತ್ತಿಕೊಂಡು ಅವರ ಜೊತೆ ಹೋಗಿ, ಮನೆ ನೋಡಿ, ಅನ್ನ ಇಡುವವರ ಮುಖ ನೋಡಿ ಬಿಟ್ಟುಬರುತ್ತಿದ್ದ. ಅವನ ಹೆಂಡತಿ ಭರಮವ್ವ ನಗುತ್ತಿದ್ದಳು: "ಮಗಳನ್ನ ಕೊಡೂ ಮುಂದ ಇಷ್ಟ ಕೇಳಲಿಲ್ಲ ಈ ಪುಣ್ಯಾತ್ಮ. ಅಳಿಯಗ ಒಂದ ಕಣ್ಣ ಮಂದ ಅಂತ ಲಗ್ನ ಆದಮ್ಯಾಲೆ ಗೊತ್ತಾತು."

ಎಲ್ಲಕ್ಕಿಂತ ಮುಖ್ಯವಾದದ್ದು ಬಟ್ಟೆ. ಅನ್ನ ಇಡುವವರು ಉಟ್ಟು ಹಳತಾದ, ತೊಳೆಯದ ಬಟ್ಟೆಯೊಂದನ್ನು ಮೊದಲೇ ತಂದುಕೊಡಬೇಕು. ಆ ಮರಿಯನ್ನು ಅದರ ಮೇಲೆಯೇ ಮಲಗಿಸುವುದು. ಹೊಸ ಮನೆಗೆ ಹೋದ ರಾತ್ರಿ ಮರಿ ಅಳುವುದಿಲ್ಲ. ಆ ಮನೆಯ ವಾಸನೆ ಅದಕ್ಕೆ ಆಗಲೇ ಗೊತ್ತಿರುತ್ತದೆ. ಹಾವೇರಿಯ ವಕೀಲರೊಬ್ಬರು ಕಾರಿನಲ್ಲಿ ಬಂದು, ಅನ್ನ ಇಡುವವನು ನಮ್ಮ ಡ್ರೈವರು ಎಂದಾಗ ಹಾಲೇಶಪ್ಪ, "ಹಂಗಾರ ಡ್ರೈವರನ ಅಂಗಿ ಕಳಸ್ರಿ" ಎಂದಿದ್ದ. ವಕೀಲರು ನಕ್ಕು, ಯಾವ ಮರಿಯಾದರೂ ಉಳಿದರೆ ತಿಳಿಸಿ ಎಂದು ಹೇಳಿ ಹೋಗಿದ್ದರು.

ಬುಡನಸಾಬ ಬಂದದ್ದು ಮರಿಗಳು ಓಡಾಡತೊಡಗಿದ ಹೊಸದರಲ್ಲಿ. ಬಿಳಿ ಗಡ್ಡ, ಎತ್ತರದ ಆಳು, ಮಾತಿನ ನಡುವೆ ಕೆಮ್ಮು. ಬ್ಯಾಡಗಿ ಪೇಟೆಯ ಹಮಾಲ ಎಂದಾಗ ಹಾಲೇಶಪ್ಪ ಅಡ್ಡಡ್ಡ ತಲೆಯಾಡಿಸಿದ.

"ಬ್ಯಾಡಗಿಗೆ ನಾಯಿ ಕೊಡಂಗಿಲ್ರಿ. ಆ ಘಾಟಿನ್ಯಾಗ ನಾಯಿ ಮೂಗ ಸುಟ್ಟಹೋಗತೈತಿ. ಮೂಗ ಹೋದ ನಾಯಿ ಇದ್ದು ಏನ ಮಾಡೂದೈತಿ?"

"ನಮ್ಮನಿ ಪ್ಯಾಟ್ಯಾಗ ಇಲ್ರಿ. ರೈಲು ಹಳಿ ದಾಟಿ ಆಚಿ ಕಡೆ. ಅಲ್ಲಿ ಘಾಟ ಬರಂಗಿಲ್ಲ. ಬಂದ್ರ ನಾನ ಹೊತಗೊಂಡ ಹೋಗಬೇಕು" ಎಂದು ಬುಡನಸಾಬ ನಕ್ಕಿದ್ದ. ನಗು ಕೆಮ್ಮಾಗಿ, ಕಂಬ ಹಿಡಿದು ನಿಲ್ಲಬೇಕಾಯಿತು.

"ಮನ್ಯಾಗ ಒಪ್ಪ್ಯಾರೇನು? ನಿಮ್ಮವರು ನಾಯಿ ಒಳಗ ಬಿಟಗೊಳ್ಳಂಗಿಲ್ಲ ಅಂತ ಕೇಳೇನಿ."

"ಒಳಗ ಯಾಕ ಬಿಟಗೋಬೇಕ್ರಿ? ಅದು ಹಿತ್ತಲದಾಗ ಇರತೈತಿ. ಮನಿ ಕಾಯೂ ನಾಯಿಗೆ ಅಡ್ಡಿಯಿಲ್ಲಂತ ಮಸೂತಿಯಾಗ ಕೇಳೇನಿ. ಮನ್ಯಾಗೂ ಒಪ್ಪ್ಯಾರ."

ಅವನು ಮರಿಗಳ ನಡುವೆ ಕೂತು, ಎದೆಯ ಮೇಲೆ ಬಿಳಿ ಚುಕ್ಕೆಯಿದ್ದ ಕಂದು ಮರಿಯೊಂದನ್ನು ನೋಡಿದ. ಅದು ಬೇರೆಯವುಗಳಂತೆ ಓಡಿಬರದೆ ದೂರದಲ್ಲಿ ಕೂತು ಅವನನ್ನೇ ನೋಡುತ್ತಿತ್ತು. "ಇದು ಗದ್ದಲದ ಮರಿ ಅಲ್ರಿ" ಎಂದ ಹಾಲೇಶಪ್ಪ. "ಹಂತಾದ ಬೇಕ್ರಿ" ಎಂದ ಬುಡನಸಾಬ.

ಬಟ್ಟೆಯ ವಿಷಯ ಹೇಳಿದಾಗ ಅವನು ತನ್ನ ಹೆಗಲ ಮೇಲಿನ ಟವೆಲ್ಲನ್ನೇ ತೆಗೆದುಕೊಟ್ಟ. ವರ್ಷಗಟ್ಟಲೆ ಚೀಲ ಹೊರುವಾಗ ತಲೆಗೆ ಸುತ್ತಿಕೊಂಡ ಟವೆಲ್ಲು ಅದು. ಹಾಲೇಶಪ್ಪ ಹಾಸಿದ್ದೇ ತಡ, ಕೆಂಚಿ ಮೂಸಿ, ಸೀನಿ, ಮತ್ತೆ ಸೀನಿ, ಟವೆಲ್ಲನ್ನು ಹಲ್ಲಿನಲ್ಲಿ ಕಚ್ಚಿ ಎಳೆದೊಯ್ದು ಗೊಬ್ಬರದ ಗುಂಡಿಗೆ ಹಾಕಿಬಂತು. ಅಷ್ಟೂ ಮರಿಗಳು ಸಾಲಾಗಿ ಸೀನಿದವು. ಭರಮವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಬುಡನಸಾಬನೂ ಕಣ್ಣಲ್ಲಿ ನೀರು ಬರುವಂತೆ ನಕ್ಕ.

ಎರಡನೆಯ ಸಲ ಬಂದಾಗ ಅವನ ಕೈಯಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿದ ಗಂಟಿತ್ತು. ಬಿಚ್ಚಿದರೆ ಹಸಿರು ಅಂಚಿನ ಹತ್ತಿಸೀರೆಯ ಅರ್ಧ ತುಂಡು, ಉಟ್ಟು ಉಟ್ಟು ಮೆತ್ತಗಾದದ್ದು.

"ಇದು ಮನಿಯಾಕೀದು. ನಂದು ಏನ ತಂದ್ರೂ ಖಾರನ" ಎಂದ.

"ಮರಿ ನಿಮ್ಮನ್ನ ಬಿಟ್ಟು ಆಕೀನ್ನ ಹಚಗೊಳ್ಳತೈತಿ, ನೋಡ್ರಿ ಮತ್ತ."

"ಹಚಗೊಳ್ಳಲಿ ಬಿಡ್ರಿ."

ಅಷ್ಟು ಹೇಳಿ ಅವನು ಬಹಳ ಹೊತ್ತು ಕೆಮ್ಮಿದ್ದ. ಕೆಮ್ಮು ನಿಂತ ಮೇಲೆ, ಅಮಾವಾಸ್ಯೆಯ ದಿನ ಬರುತ್ತೇನೆ, ಇಬ್ಬರೂ ಕೂಡಿ ರೈಲಿನಲ್ಲಿ ಹೋಗೋಣ, ನಮ್ಮನೆಯಲ್ಲಿ ಊಟ ಮಾಡಿಯೇ ಬರಬೇಕು ಎಂದು ಹೇಳಿ ಹೋಗಿದ್ದ.

"ನಾಯಿ ಸಾಕತಿದ್ನಂತ ಬುಡಣ್ಣ!" ತೂಕದ ಕಟ್ಟೆಯ ಬಳಿ ನಿಂತಿದ್ದ ದುರಗಪ್ಪ ಇನ್ನೂ ನಂಬಲಾರದವನಂತೆ ಹೇಳಿದ. "ನಮಗ ಒಬ್ರಿಗೂ ಹೇಳಿಲ್ಲ ನೋಡ್ರಿ. ಬರ್ರಿ, ಮನಿ ತೋರಸತೇನಿ. ಬುಟ್ಟಿ ಕೊಡ್ರಿಲ್ಲಿ."

"ಬ್ಯಾಡ, ನಿನ್ನ ಮೈಯಾಗ ಖಾರ ಐತಿ" ಎಂದು ಹಾಲೇಶಪ್ಪ ಬುಟ್ಟಿಯನ್ನು ತಾನೇ ಎತ್ತಿಕೊಂಡ. ಒಂದು ಮಾತು ಹೇಳಿ ಹೋದರಾಯಿತು, ಸತ್ತ ಮನೆಗೆ ಮುಖ ತೋರಿಸದೆ ಹೋಗುವುದು ಸರಿಯಲ್ಲ ಎಂಬುದಷ್ಟೇ ಅವನ ಮನಸ್ಸಿನಲ್ಲಿತ್ತು. ಸಂಜೆಯ ಗಾಡಿಗೆ ಹಾವೇರಿಗೆ ಹೋದರೆ ವಕೀಲರು ಮನೆಯಲ್ಲೇ ಸಿಗುತ್ತಾರೆ.

ಸ್ಟೇಷನ್ನಿನ ಪಕ್ಕ ಹಳಿ ದಾಟಿದ ಮೇಲೆ ಘಾಟು ಇಳಿಯಿತು. ಬೇವಿನ ಮರದ ಕೆಳಗೆ ಹೆಂಚಿನ ಸಣ್ಣ ಮನೆ. ಬಾಗಿಲಿಗೆ ಹೂವಿನ ಚಿತ್ರದ ಪರದೆ ಇಳಿಬಿಟ್ಟಿತ್ತು. ಕಟ್ಟೆಯ ಮೇಲೆ ಅಡಕೆ ಕುಟ್ಟುತ್ತ ಕೂತಿದ್ದ ಮುದುಕಿ ಬುಡನಸಾಬನ ಅಕ್ಕ ರಸೂಲಬಿ. ದುರಗಪ್ಪ ವಿಷಯ ಹೇಳಿ, ಲಾರಿ ಬಂದೈತಿ ಎಂದು ಪೇಟೆಗೆ ಹಿಂದಿರುಗಿದ.

"ಕುಂದ್ರಿ ಅಣ್ಣಾರ" ಎಂದಳು ರಸೂಲಬಿ. ಚಾಪೆ ಹಾಸಿದಳು. "ನಮ್ಮ ಬುಡ್ಯಾ ನಸುಕಿನ ನಮಾಜಿಗೆ ಎದ್ದಾನ. ನೀರ ಕೊಡು ಅಂದಾನ. ಅವನ ಹೇಣ್ತಿ ತರೂದ್ರಾಗ ಕುಂತಲ್ಲೆ ಹೋಗ್ಯಾನ್ರಿ. ಯಾರಿಗೂ ತ್ರಾಸ ಕೊಡಲಿಲ್ಲ. ಆ ಕೆಮ್ಮೊಂದ ಅವನ್ನ ತಿಂತು." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಈಕಿಗೆ ಮಕ್ಕಳೂ ಇಲ್ರಿ. ನಾ ಎಷ್ಟ ದಿನ ಇರಾಕಾಗತೈತಿ? ಹೊರಗ ಬಂದು ನಿಮ್ಮನ್ನ ಮಾತಾಡ್ಸೂದಕ್ಕೂ ಆಗಂಗಿಲ್ಲ. ಇದ್ದತ್ತಿನ್ಯಾಗ ಅದಾಳ. ಗಂಡ ಹೋದಾಕಿ ಆ ದಿನಾ ಮುಗಿಯೂ ತನಕ ಪರಗಂಡಸರ ಕಣ್ಣಿಗೆ ಬೀಳಬಾರದು."

ಪರದೆಯ ಹಿಂದಿನಿಂದ ಬಳೆಯಿಲ್ಲದ ಕೈಯೊಂದು ಪರದೆಯ ಅಂಚನ್ನು ಸರಿಮಾಡಿತು. ಅಲ್ಲಿ ಬುಡನಸಾಬನ ಹೆಂಡತಿ ಮೆಹಬೂಬಿ ಬಂದು ಕೂತಿದ್ದಳು.

ಹಾಲೇಶಪ್ಪ ಬಂದ ಕಾರಣ ಹೇಳಿದ. ರಸೂಲಬಿಯ ಕೈಯಲ್ಲಿನ ಅಡಕೆಯ ಕಲ್ಲು ನಿಂತಿತು.

"ನಾಯೀನ? ನಮ್ಮ ಬುಡ್ಯಾ ನಾಯಿ ಹೇಳಿದ್ನ?"

"ಹೌದ್ರಿ. ಮನ್ಯಾಗ ಒಪ್ಪ್ಯಾರ ಅಂದಿದ್ರು."

"ಯಾರ ಒಪ್ಪಿದ್ರು! ಮೆಹಬೂಬಿ, ನಿನಗ ಹೇಳಿದ್ನೇನು?"

ಪರದೆಯ ಹಿಂದಿನಿಂದ ತಗ್ಗಿದ ದನಿ ಕೇಳಿತು: "ಇಲ್ಲ ಆಪಾ. ಹಿತ್ತಲದಾಗ ಕಲ್ಲು ತಗಡು ಹಾಕಿ ಗೂಡ ಕಟ್ಟಿದ್ರು. ಏನಿದು ಅಂದ್ರ ಕೋಳಿಗೆ ಅಂದ್ರು. ಕೋಳಿಗೆ ಇಷ್ಟ ದೊಡ್ಡ ಬಾಗಲಾ ಯಾಕ ಅಂತ ಕೇಳಿದೆ. ನಮ್ಮ ಕೋಳಿ ದೊಡ್ಡವು ಇರತಾವ ಅಂದ್ರು."

ರಸೂಲಬಿಗೆ ನಗು ಬಂತು. ನಗುತ್ತಲೇ ಅವಳು ಅತ್ತಳು.

ಹಾಲೇಶಪ್ಪ ತಲೆ ತಗ್ಗಿಸಿ ಕೂತ. ಬೇಡದ ಮನೆಗೆ ಅವನು ಈವರೆಗೆ ಮರಿ ಬಿಟ್ಟಿರಲಿಲ್ಲ. ಈ ಮನೆಯವರಿಗೆ ಮರಿ ಬೇಕೆಂಬುದೇ ಗೊತ್ತಿರಲಿಲ್ಲ. ಬೇಕೆಂದವನು ಮಣ್ಣಿನಲ್ಲಿದ್ದ. ಅನ್ನ ಇಡಬೇಕಾದವಳ ಮುಖವನ್ನು ಅವನು ನೋಡುವಂತಿರಲಿಲ್ಲ. ನೋಡಬೇಕೆಂದು ಕೇಳುವುದಕ್ಕೂ ಬಾಯಿ ಬರುವಂತಿರಲಿಲ್ಲ. ಆದರೂ ಮಾತು ಕೊಟ್ಟ ಮರಿ. ಕೊಟ್ಟದ್ದು ಯಾರಿಗೆ ಎಂದು ಈಗ ಅವನಿಗೇ ಅನುಮಾನವಾಗತೊಡಗಿತು. ಕಂಬ ಹಿಡಿದು ಕೆಮ್ಮುತ್ತಿದ್ದ ಆ ಮನುಷ್ಯ, "ಹಚಗೊಳ್ಳಲಿ ಬಿಡ್ರಿ" ಎಂದಾಗ ಎತ್ತಲೋ ನೋಡುತ್ತಿದ್ದುದು ನೆನಪಾಯಿತು.

"ನಿಮಗ ತ್ರಾಸ ಕೊಡಾಕ ಬಂದಿಲ್ರಿ ಅಕ್ಕಾರ" ಎಂದ. "ನಮ್ಮದೊಂದು ಪದ್ಧತಿ ಐತಿ. ಬ್ಯಾಡ ಅಂದವರಿಗೆ ಮರಿ ಕೊಡಂಗಿಲ್ಲ. ಹಾವೇರ್ಯಾಗ ಇದಕ್ಕ ಒಂದ ಮನಿ ಐತಿ. ಗಾಡಿ ಹೊತ್ತಾತು, ನಾ ಬರತೇನ್ರಿ."

"ಹಂಗ ಮಾಡ್ರಿ ಅಣ್ಣಾರ. ನಾಯಿ ಇದ್ದಲ್ಲಿ ಫರಿಷ್ತೆ, ಅಲ್ಲಾನ ದೂತರು, ಕಾಲಿಡಂಗಿಲ್ಲ ಅಂತಾರ. ಸಾವಾದ ಮನಿ ಇದು" ಎಂದಳು ರಸೂಲಬಿ, ಕಠಿಣವಾಗಿ ಅಲ್ಲ. ಚಹಾ ಆದರೂ ಕುಡಿದು ಹೋಗಬೇಕೆಂದು ಒಳಗೆ ಕೂಗಿ ಹೇಳಿದಳು.

ಹಾಲೇಶಪ್ಪ ಎದ್ದು ಬುಟ್ಟಿಯತ್ತ ತಿರುಗಿದ. ಟವೆಲ್ಲು ಪಕ್ಕಕ್ಕೆ ಸರಿದಿತ್ತು. ಮರಿ ಬುಟ್ಟಿಯ ಅಂಚು ಹತ್ತಿ ಕಟ್ಟೆಯ ಮೇಲೆ ಇಳಿದಿತ್ತು. ಬುಟ್ಟಿಯಲ್ಲಿ ತನಗೆ ಹಾಸಿದ್ದ ಸೀರೆಯ ತುಂಡನ್ನು ಎಳೆಯ ಹಲ್ಲಿನಲ್ಲಿ ಕಚ್ಚಿ ಹಿಡಿದು, ಒಂದೊಂದೇ ಹೆಜ್ಜೆ, ಅದು ಬಾಗಿಲ ಕಡೆ ಹೊರಟಿತ್ತು. ನಡುವೆ ಸೀರೆ ತನ್ನದೇ ಕಾಲಿಗೆ ಸಿಕ್ಕಿ ಮುಗ್ಗರಿಸಿತು. ಎದ್ದಿತು. ಹೊಸ್ತಿಲ ಬಳಿ ಮೂತಿ ಎತ್ತಿ ಮೂಸಿತು.

"ತೋಬಾ, ತೋಬಾ! ಹಿಡೀರಿ ಅದನ್ನ!" ಎಂದಳು ರಸೂಲಬಿ.

ಹಾಲೇಶಪ್ಪ ಒಂದು ಹೆಜ್ಜೆ ಮುಂದಿಟ್ಟ. ಪರದೆಯಾಚೆ ಕೈ ಚಾಚುವಂತಿರಲಿಲ್ಲ, ಅಲ್ಲೇ ನಿಂತ. ಮರಿ ಪರದೆಯ ಕೆಳಗೆ ತೂರಿತು. ಮೊದಲು ಅದರ ತಲೆ ಮರೆಯಾಯಿತು, ಆಮೇಲೆ ಬಾಲ. ಸೀರೆಯ ಉಳಿದ ಭಾಗ ಹೊರಗೆ ಬಿದ್ದಿತ್ತು. ಹಸಿರು ಅಂಚು ಕಟ್ಟೆಯ ಮಣ್ಣಿನ ಮೇಲೆ ಮೆಲ್ಲಗೆ ಸರಿಯುತ್ತ ಒಂದು ಕಡೆ ನಿಂತಿತು. ಆಮೇಲೆ ಅದು ಮತ್ತೆ ಸರಿಯಿತು. ಈ ಸಲ ಎಳೆದದ್ದು ಮರಿಯಲ್ಲ. ಒಂದೇ ಸಮನೆ, ಕೈಯಿಂದ ಕೈಗೆ, ಸೀರೆ ಪೂರ್ತಿ ಒಳಗೆ ಹೋಯಿತು.

"ಆಪಾ" ಎಂದಿತು ದನಿ. "ಇದು ನನ್ನ ಸೀರಿ."

"ಯಾ ಸೀರಿ?"

"ಕೌದಿ ಹೊಲ್ಯಾಕ ತಗದಿಟ್ಟಿದ್ನಲ್ಲ. ಅರ್ಧ ಹರಕೊಂಡ ಹೋಗಿತ್ತು. ಕೇಳಿದ್ರ ಇಲಿ ತಿಂದಾವು ಅಂದ್ರು. ಇಲಿ ಹಿಂಗ ನೆಟ್ಟಗ ಹರಿತಾವೇನು, ನೀವ ಯಾರಿಗೋ ಕೊಟ್ಟೀರಿ ಅಂತ ಜಗಳಾ ಮಾಡಿದೆ. ಆ ವಾರೆಲ್ಲಾ ಮಾರಿ ಕೊಟ್ಟು ಮಾತಾಡಲಿಲ್ಲ ಆಪಾ ನಾನು." ಈ ಸಲ ಹೊರಗಿದ್ದವನಿಗೆ ಕೇಳಿದಳು: "ಕಾಕಾ, ಇದನ್ನ ಅವರ ತಂದು ಕೊಟ್ರೇನ್ರಿ?"

"ಹೌದವ್ವಾ. ಮೊದಲ ತಮ್ಮ ಟವೆಲ್ಲ ಕೊಟ್ಟಿದ್ರು. ಖಾರಕ್ಕ ನಾಯಿ ಅದನ್ನ ತಿಪ್ಪಿಗೆ ಒಗದು ಬಂತು. ಆಮ್ಯಾಲೆ ಇದನ್ನ ತಂದ್ರು. ಅನ್ನಾ ಇಡಾವರ ಬಟ್ಟಿ ತರಬೇಕಂತ ನಾನ ಹೇಳಿದ್ದೆ. ಮರಿ ಇದರ ಮ್ಯಾಲೆ ಬೆಳದೈತಿ." ಉಳಿದದ್ದನ್ನೂ ಹಾಲೇಶಪ್ಪ ಹೇಳಿಯೇಬಿಟ್ಟ: "ಮರಿ ನಿಮ್ಮನ್ನ ಬಿಟ್ಟು ಆಕೀನ್ನ ಹಚಗೊಳ್ಳತೈತಿ ಅಂದೆ. ಹಚಗೊಳ್ಳಲಿ ಬಿಡ್ರಿ ಅಂದ್ರು."

ರಸೂಲಬಿ ಬಾಯಿಗೆ ಸೆರಗು ಹಿಡಿದು ಪರದೆಯನ್ನೇ ನೋಡುತ್ತಿದ್ದಳು. ದೂರದಲ್ಲಿ ಹಾವೇರಿಯ ಕಡೆ ಹೋಗುವ ಗಾಡಿ ಕೂಗಿತು.

ಹಾಲೇಶಪ್ಪ ಮತ್ತೆ ಚಾಪೆಯ ಮೇಲೆ ಕುಳಿತ. "ತಂಗೀ" ಎಂದ, "ನಾ ಅನ್ನಾ ಇಡಾವರ ಮಾರಿ ನೋಡದ ಮರಿ ಬಿಟ್ಟಾವಲ್ಲ. ನಿನ್ನ ಮಾರಿ ನೋಡೂದು ಬ್ಯಾಡ. ಮರಿ ಏನ ಮಾಡಾಕತ್ತೈತಿ, ಅಷ್ಟ ಹೇಳು."

"ಮಡಲಾಗ ಹತ್ತೈತ್ರಿ."

"ಸೀನಾಕತ್ತೈತೇನು?"

"ಇಲ್ರಿ. ಕೈ ನೆಕ್ಕಿತು. ಈಗ ಕಣ್ಣ ಮುಚ್ಚಾಕತ್ತೈತಿ."

"ನಡಗಾಕತ್ತೈತೇನು?"

"ಇಲ್ರಿ ಕಾಕಾ. ಬೆಚ್ಚಗೈತಿ."

ಹಾಲೇಶಪ್ಪ ಉಸಿರು ಬಿಟ್ಟ. ಜೋಳದ ನುಚ್ಚನ್ನು ಮೆತ್ತಗೆ ಕುದಿಸಿ ಹಾಲು ಹಾಕಿ ಕೊಡಬೇಕೆಂದ. ಖಾರದ ಕೈ ಮುಟ್ಟಿಸಬಾರದೆಂದ. ಇನ್ನೊಂದು ಸೂಜಿ ಬಾಕಿಯಿದೆ, ದುರಗಪ್ಪನ ಕೈಯಲ್ಲಿ ದನದ ದವಾಖಾನೆಗೆ ಕಳಿಸಿ, ಆದರೆ ಅವನು ಸ್ನಾನ ಮಾಡಿ ಬಂದಿರಲಿ ಎಂದ. ಪ್ರತಿಯೊಂದಕ್ಕೂ ಒಳಗಿನಿಂದ "ಹೂಂನ್ರಿ" ಎಂದು ಬಂತು.

"ಇನ್ನೊಂದ ಮಾತು. ಸಾಕಾಕ ಆಗಲಿಲ್ಲ ಅಂದ್ರ ಬೀದಿಗೆ ಬಿಡಬ್ಯಾಡ್ರಿ. ರಾಣೆಬೆನ್ನೂರಾಗ ಹಾಲೇಶಪ್ಪನ ಮನಿ ಅಂದ್ರ ಯಾರ ಬೇಕಾದ್ರೂ ತೋರಸತಾರ. ನನ್ನ ಹಿತ್ತಲಕ್ಕ ತಂದ ಬಿಡ್ರಿ. ನಾ ಇರದಿದ್ರ ಭರಮವ್ವ ಇರತಾಳ."

ರಸೂಲಬಿ ಎದ್ದು ಪರದೆ ಸರಿಸಿ ಒಳಗೆ ಇಣುಕಿದಳು. "ಹೊಸ್ತಿಲ ದಾಟಿ ಬಂತಲ್ಲವಾ ಇದು. ನಮಾಜಿನ ಜಾಗಾ."

"ನೆಲಾ ತೊಳದ್ರಾತು ಆಪಾ. ನಾನೂ ಕೈಕಾಲ ತೊಳಕೊಂಡು ಬ್ಯಾರೇ ಸೀರಿ ಉಡತೇನಿ. ಇದನ್ನ ಹಿತ್ತಲದ ಗೂಡಿಗೆ ಬಿಟ್ಟಬರತೇನಿ ಈಗ." ಆದರೆ ಅವಳು ಕೂಡಲೇ ಏಳಲಿಲ್ಲ.

ರಸೂಲಬಿ ಪರದೆ ಬಿಟ್ಟು ಬಂದು ಕೊಡದಿಂದ ಬಕೆಟ್ಟಿಗೆ ನೀರು ತುಂಬತೊಡಗಿದಳು.

ಸ್ವಲ್ಪ ಹೊತ್ತಿಗೆ ಹಿತ್ತಿಲ ಬಾಗಿಲು ತೆರೆದ ಸದ್ದಾಯಿತು. ಮನೆಯ ಪಕ್ಕದ ಮೋಟುಗೋಡೆಯಾಚೆ ತಗಡಿನ ಮೇಲೆ ಏನೋ ಬಡಿದು ಸುಮ್ಮನಾಯಿತು. ಹಾಲೇಶಪ್ಪ ಅತ್ತ ನೋಡದೆ ಬೆನ್ನು ತಿರುಗಿಸಿ ಕೂತ. ಹೊತ್ತು ಮುಳುಗಿ, ಮಗ್ರಿಬಿನ ಅಜಾನ್ ಮಸೀದಿಯಿಂದ ಕೇಳಿಬಂತು. ನೀರು ಸುರಿದುಕೊಳ್ಳುವ ಸದ್ದು, ಒಗೆದ ಬಟ್ಟೆ ಒದರುವ ಸದ್ದು ಕೇಳಿ, ಒಳಗೆ ಎಲ್ಲ ಶಾಂತವಾಯಿತು. ರಾಣೆಬೆನ್ನೂರಿನ ಗಾಡಿಗೆ ಇನ್ನೂ ಸಮಯವಿತ್ತು. ಅವನು ಖಾಲಿ ಬುಟ್ಟಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕಾಯ್ದ. ಮರಿ ಅತ್ತರೆ ಈಗಲೇ ಅಳಬೇಕು. ಅಳಲಿಲ್ಲ.

ನಮಾಜು ಮುಗಿದಿರಬೇಕು. ಪರದೆಯ ಹಿಂದೆ ಮೆಹಬೂಬಿಯ ದನಿ ಮೊದಲು ಅವನಿಗೆ ತಿಳಿಯದ ಮಾತುಗಳಲ್ಲಿ ಮೆಲ್ಲಗೆ ಸಾಗಿತು. ಆಮೇಲೆ ದಿನವೂ ಆಡುವ ಮಾತಿಗೆ ತಿರುಗಿತು. ರಸೂಲಬಿ ಕಟ್ಟೆಯ ಮೇಲೆಯೇ ಎರಡೂ ಕೈಗಳನ್ನು ಎದೆಯ ಮುಂದೆ ಬೊಗಸೆಯಾಗಿ ಹಿಡಿದಳು. ಹಾಲೇಶಪ್ಪ ಬುಟ್ಟಿಯನ್ನು ಪಕ್ಕಕ್ಕಿಟ್ಟು ತನಗೆ ಗೊತ್ತಿದ್ದಂತೆ ಕೈಮುಗಿದ.

"ಯಾ ಅಲ್ಲಾ, ಅವರ ತಪ್ಪು ಇದ್ರ ಮಾಫಿ ಮಾಡು. ಅವರ ಗೋರಿ ಅಗಲ ಮಾಡು, ತಂಪ ಮಾಡು. ಅವರ ಎದಿಗೆ ಗಾಳಿ ಕೊಡು ನನ್ನಪ್ಪಾ, ಘಾಟಿಲ್ಲದ ಗಾಳಿ. ಕೆಮ್ಮಿಲ್ಲದಂಗ ಮಲಗಲಿ."